‘ಓನಿ’ ಎಂದರೆ ಯಾರು? ಗುಡುಗು ದೇವರ ಕಥೆಗೊಂದು ಅಧ್ಯಯನ ಟಿಪ್ಪಣಿ

‘ಓನಿ: ಥಂಡರ್ ಗಾಡ್ಸ್ ಟೇಲ್’ 2022ರ ಅಕ್ಟೋಬರ್ 21ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ, ನಾಲ್ಕೇ ಕಂತುಗಳ ಅನಿಮೇಷನ್ ಸರಣಿ. ಇದರ ನಿರ್ದೇಶಕ ಡೈಸುಕೆ ತ್ಸುತ್ಸುಮಿ. ಚಿತ್ರಕಥೆ ಬರೆದವರು ಮಾರಿ ಒಕಾಡ. ಪಿಕ್ಸಾರ್‌ನಲ್ಲಿ ಕಲಾ ನಿರ್ದೇಶಕರಾಗಿದ್ದ ತ್ಸುತ್ಸುಮಿ ಮತ್ತು ರಾಬರ್ಟ್ ಕೊಂಡೊ 2014ರಲ್ಲಿ ಕಟ್ಟಿದ ಟೊಂಕೊ ಹೌಸ್ ಎಂಬ ಅನಿಮೇಷನ್ ಸ್ಟುಡಿಯೊ ಇದನ್ನು ರೂಪಿಸಿತು. ಪಾತ್ರಗಳು ಕೈಯಿಂದ ಮಾಡಿದ ಗೊಂಬೆಗಳಂತೆ ಕಂಡರೂ ಅವೆಲ್ಲ ಕಂಪ್ಯೂಟರಿನಲ್ಲೇ ಹುಟ್ಟಿದವು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಶ್ಚಿಂತೆಯಿಂದ ನೋಡಬಹುದಾದ ಈ ಕಥೆಯನ್ನು ಜಪಾನೀ ಪುರಾಣದ ವಿದ್ಯಾರ್ಥಿಗಳಾದ ನಾವು ಎಚ್ಚರದಿಂದ ಓದಬೇಕಾದ ಕಾರಣ ಶೀರ್ಷಿಕೆಯಲ್ಲಿಯೇ ಇದೆ. ‘ಓನಿ’ ಎಂಬುದನ್ನು ‘ರಾಕ್ಷಸ’ ಎಂದು ಅನುವಾದಿಸಿಕೊಂಡು ನೋಡಲು ಕುಳಿತರೆ ಕಥೆಯ ಅರ್ಧ ಅರ್ಥ ಅಲ್ಲಿಯೇ ಕೈತಪ್ಪಿ ಹೋಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದೆ ಕಥೆಯ ಗುಟ್ಟನ್ನೂ ಬಿಚ್ಚಿಡಬೇಕಾಗುವುದರಿಂದ, ಇನ್ನೂ ನೋಡದವರು ಮೊದಲು ನೋಡಿ ಬಂದು ಆಮೇಲೆ ಇದನ್ನು ಓದುವುದು ಒಳ್ಳೆಯದು.

ಕಥೆ ನಡೆಯುವುದು ಕಾಮಿಗಾಮಿ ಬೆಟ್ಟದಲ್ಲಿ. ‘ಕಾಮಿ’ ಎಂದರೆ ದೇವರು, ‘ಕಾಮಿಗಾಮಿ’ ಎಂದರೆ ದೇವರುಗಳು. ಹೆಸರೇ ಹೇಳುವಂತೆ ಅದು ದೇವರುಗಳೂ ಪುರಾಣದ ಜೀವಿಗಳೂ ಮನೆ ಮಾಡಿಕೊಂಡಿರುವ ಊರು. ಅಲ್ಲಿನ ಮಕ್ಕಳು ಶಾಲೆಯಲ್ಲಿ ತಮ್ಮೊಳಗಿನ ಶಕ್ತಿಯನ್ನು ಹೊರತರುವುದನ್ನು ಕಲಿಯುತ್ತಾರೆ, ಏಕೆಂದರೆ ಓನಿಗಳು ಊರಿನ ಮೇಲೆ ಬಂದು ಬೀಳುತ್ತಾರೆ ಎಂಬ ಭಯ ಎಲ್ಲರಲ್ಲಿಯೂ ಇದೆ. ಒನಾರಿ ಎಂಬ ಹುಡುಗಿಗೆ ಮಾತ್ರ ತನ್ನ ಶಕ್ತಿ ಯಾವುದೆಂದು ತಿಳಿಯದು. ಅವಳ ತಂದೆ ನಾರಿದೋನ್ ಬೆಟ್ಟದಂತಹ ಮೈಯವನು, ಮಗುವಿನಂತಹ ಮನಸ್ಸಿನವನು, ಮಾತೇ ಆಡದವನು. ಗುಡುಗಿಗೆ ಜಪಾನೀ ಭಾಷೆಯಲ್ಲಿರುವ ‘ಕಾಮಿನಾರಿ’ ಎಂಬ ಪದ ಮೂಲದಲ್ಲಿ ‘ದೇವರ ನಾದ’ ಎಂಬ ಅರ್ಥದ್ದು. ಇದನ್ನು ನೆನಪಿನಲ್ಲಿಟ್ಟುಕೊಂಡರೆ ತಂದೆ ಮಗಳಿಬ್ಬರ ಹೆಸರಿನಲ್ಲಿಯೂ ಆ ‘ನಾರಿ’ ಕೇಳಿಸುತ್ತದೆ.

ಈಗ ಓನಿ ಎಂಬ ಪದವನ್ನು ನೋಡೋಣ. ಅದನ್ನು ಬರೆಯಲು ಬಳಸುವ ಚೀನೀ ಲಿಪಿಯ ಅಕ್ಷರಕ್ಕೆ ಚೀನಾದಲ್ಲಿ ಸತ್ತವರ ಪ್ರೇತ ಎಂಬ ಅರ್ಥವಿದೆ. 10ನೆಯ ಶತಮಾನದ ಜಪಾನೀ ನಿಘಂಟೊಂದು ‘ಅಡಗಿರುವುದು’ ಎಂಬ ಅರ್ಥದ ‘ಓನ್’ ಶಬ್ದದಿಂದ ಓನಿ ಬಂದಿತೆಂದು ವಿವರಿಸುತ್ತದೆ. ಅಂದರೆ ಓನಿ ಮೊದಲಿಗೆ ಕಣ್ಣಿಗೆ ಬೀಳದ ಭಯ. ಕೊಂಬು, ಕೋರೆಹಲ್ಲು, ಹುಲಿಚರ್ಮದ ಲಂಗೋಟಿ, ಕಬ್ಬಿಣದ ಗದೆ ಇವೆಲ್ಲ ಅದಕ್ಕೆ ಅಂಟಿಕೊಂಡದ್ದು ಆಮೇಲೆ. ಕೆಡುಕು ನುಗ್ಗಿ ಬರುವ ದಿಕ್ಕೆಂದು ನಂಬಲಾದ ಈಶಾನ್ಯಕ್ಕೆ ಅಲ್ಲಿನ ಪಂಚಾಂಗದಲ್ಲಿ ‘ಎತ್ತು-ಹುಲಿ’ ಎಂಬ ಹೆಸರಿರುವುದರಿಂದ ಎತ್ತಿನ ಕೊಂಬೂ ಹುಲಿಯ ಚರ್ಮವೂ ಓನಿಗೆ ಬಂದವೆಂಬ ವಿವರಣೆ ಪ್ರಚಲಿತವಾಗಿದೆ.

ಆದರೆ ಇದೇ ವೇಷ ಗುಡುಗಿನ ದೇವರಿಗೂ ಇದೆ, ಮತ್ತು ಸರಣಿಯ ತಿರುಳು ಇರುವುದು ಇಲ್ಲಿಯೇ. ಕ್ಯೋತೋ ನಗರದ ಸಂಜೂಸಂಗೆನ್‌ದೋ ದೇವಾಲಯದಲ್ಲಿ ಕರುಣೆಯ ಬೋಧಿಸತ್ವನಾದ ಕನ್ನೊನ್‌ನ 1,001 ವಿಗ್ರಹಗಳ ಜೊತೆಗೆ 28 ಪರಿವಾರ ದೇವತೆಗಳೂ, ಗಾಳಿಯ ದೇವರಾದ ಫೂಜಿನ್, ಗುಡುಗಿನ ದೇವರಾದ ರೈಜಿನ್ ಇಬ್ಬರೂ ಇದ್ದಾರೆ. ಆ ಪರಿವಾರದಲ್ಲಿ ತೈಶಕುತೆನ್ ಎಂಬ ಹೆಸರಿನಿಂದ ನಮ್ಮ ಇಂದ್ರನೂ, ಕರುರಾ ಎಂಬ ಹೆಸರಿನಿಂದ ಗರುಡನೂ ಬೌದ್ಧ ಧರ್ಮದ ಜೊತೆ ಅಲ್ಲಿಗೆ ಹೋಗಿ ನೆಲೆಸಿರುವುದನ್ನು ಕಂಡಾಗ ಭಾರತದ ಓದುಗರಿಗೆ ಪರಿಚಿತರನ್ನು ದೂರದ ಊರಿನಲ್ಲಿ ಭೇಟಿಯಾದ ಸಂತೋಷವಾಗುತ್ತದೆ. ಅದೇ ನಗರದ ಕೆನ್ನಿನ್‌ಜಿ ಮಠಕ್ಕೆ ಸೇರಿದ, ತವರಾಯ ಸೋತಾತ್ಸು 17ನೆಯ ಶತಮಾನದಲ್ಲಿ ಬರೆದ ಜೋಡಿ ಮಡಚು ತೆರೆಯ ಚಿತ್ರವನ್ನು ಮಾತ್ರ ಅವಸರವಿಲ್ಲದೆ ನೋಡಬೇಕು. ಚಿನ್ನದ ಹಾಳೆ ಹೊದಿಸಿದ ಹಿನ್ನೆಲೆಯಲ್ಲಿ ಬಲತುದಿಗೆ ಹಸಿರು ಮೈಯ ಫೂಜಿನ್ ಗಾಳಿಚೀಲ ಹಿಡಿದು ಓಡಿ ಬರುತ್ತಿದ್ದಾನೆ. ಎಡತುದಿಯಲ್ಲಿ ಬಿಳಿ ಮೈಯ ರೈಜಿನ್ ತನ್ನ ಸುತ್ತ ಬಳೆಯಂತೆ ಜೋಡಿಸಿದ ಡೋಲುಗಳ ನಡುವೆ ಹಲ್ಲು ಕಿರಿಯುತ್ತಾ ಕೆಳಗೆ ನೋಡುತ್ತಿದ್ದಾನೆ. ಡೋಲುಗಳ ಸಾಲು ಚಿತ್ರದ ಮೇಲಂಚಿನಲ್ಲಿ ಕತ್ತರಿಸಿ ಹೋಗಿರುವುದರಿಂದ ಅವನು ಇದೀಗ ತಾನೆ ಆಕಾಶದಿಂದ ಒಳಗೆ ಧುಮುಕಿದಂತೆ ತೋರುತ್ತದೆ, ಮತ್ತು ಇಬ್ಬರ ನಡುವೆ ಏನನ್ನೂ ಬರೆಯದೆ ಬಿಟ್ಟ ಚಿನ್ನದ ಬಯಲೇ ಆಕಾಶವಾಗುತ್ತದೆ. ಯಾರೂ ಹೇಳಿಕೊಡದಿದ್ದರೆ ನಾವು ಆ ಮುಖವನ್ನು ಓನಿಯ ಮುಖವೆಂದೇ ಕರೆಯುತ್ತಿದ್ದೆವು. ದೇವರಿಗೂ ಓನಿಗೂ ನಡುವಿನ ಗೆರೆ ರೂಪದಲ್ಲಿಲ್ಲ, ನೋಡುವವರ ಭಯದಲ್ಲಿದೆ.

712ರಲ್ಲಿ ಸಿದ್ಧವಾದ ‘ಕೊಜಿಕಿ’ ಎಂಬ ಜಪಾನೀ ಪುರಾಣಗ್ರಂಥದಲ್ಲಿ ಗುಡುಗು ಇನ್ನೂ ಭೀಕರವಾಗಿದೆ. ತೀರಿಹೋದ ತನ್ನ ಹೆಂಡತಿ ಇಜಾನಾಮಿ ದೇವಿಯನ್ನು ಹುಡುಕಿಕೊಂಡು ಯೋಮಿ ಎಂಬ ಪ್ರೇತಲೋಕಕ್ಕೆ ಹೋದ ಇಜಾನಾಗಿ ಎಂಬ ದೇವರು, ನೋಡಬೇಡವೆಂದರೂ ಕೇಳದೆ ಬಾಚಣಿಗೆಯ ಹಲ್ಲೊಂದನ್ನು ಮುರಿದು ದೀಪ ಹಚ್ಚಿದಾಗ, ಕೊಳೆಯುತ್ತಿದ್ದ ಅವಳ ದೇಹದ ತಲೆ, ಎದೆ, ಹೊಟ್ಟೆ ಮೊದಲಾದ ಭಾಗಗಳಲ್ಲಿ ಎಂಟು ಗುಡುಗು ದೇವರುಗಳು ಹುಟ್ಟಿಕೊಂಡಿದ್ದನ್ನು ಕಾಣುತ್ತಾನೆ. ಬೆನ್ನಟ್ಟಿ ಬಂದ ಯೋಮಿಯ ಪಡೆಯನ್ನು ಅವನು ಹಿಮ್ಮೆಟ್ಟಿಸುವುದು ಮೂರು ಪೀಚ್ ಹಣ್ಣುಗಳನ್ನೆಸೆದು. ಪೀಚ್ ಹಣ್ಣಿನಿಂದ ಹುಟ್ಟಿ ಓನಿಗಳ ದ್ವೀಪವನ್ನು ಗೆದ್ದು ಬರುವ ಮೊಮೊತಾರೋ ಕಥೆಯನ್ನು ಓದುವಾಗ ಈ ಹಣ್ಣನ್ನು ಮರೆಯಬಾರದು.

ರೈತರ ಪಾಲಿಗೆ ಮಾತ್ರ ಗುಡುಗು ಸಹಿತ ಮಳೆ ಬೆಳೆಯ ಭರವಸೆ. ಮಿಂಚಿಗಿರುವ ‘ಇನಾಜುಮ’ ಎಂಬ ಹೆಸರನ್ನು ಬಿಡಿಸಿದರೆ ‘ಭತ್ತದ ಸಂಗಾತಿ’ ಎಂಬ ಅರ್ಥ ಬರುತ್ತದೆ; ಮಿಂಚು ಹೊಡೆದಾಗ ತೆನೆಗೆ ಕಾಳು ಕಟ್ಟುತ್ತದೆಂಬ ನಂಬಿಕೆ ಅದರ ಹಿಂದಿದೆ. ಗುಡುಗಿದಾಗ ಹೊಕ್ಕುಳನ್ನು ಮುಚ್ಚಿಕೊಳ್ಳದಿದ್ದರೆ ರೈಜಿನ್ ಕದ್ದೊಯ್ಯುತ್ತಾನೆಂದು ಅಲ್ಲಿ ಮಕ್ಕಳನ್ನು ಹೆದರಿಸುತ್ತಾರೆ. ದೊಡ್ಡವರು ‘ಕುವಬಾರ, ಕುವಬಾರ’ ಎನ್ನುತ್ತಾರೆ. ದೇಶಭ್ರಷ್ಟನಾಗಿ 903ರಲ್ಲಿ ತೀರಿಕೊಂಡ ವಿದ್ವಾಂಸ ಸುಗವಾರ ನೊ ಮಿಚಿಜಾನೆಯ ಕೋಪವೇ 930ರಲ್ಲಿ ಅರಮನೆಗೆ ಸಿಡಿಲಾಗಿ ಬಡಿಯಿತೆಂದು ಜನ ನಂಬಿದರು. ಅವನ ಕುವಬಾರ ಎಂಬ ಜಮೀನಿಗೆ ಮಾತ್ರ ಸಿಡಿಲು ಬೀಳಲಿಲ್ಲವೆಂಬ ಐತಿಹ್ಯದಿಂದ ಆ ಮಾತು ಬಂದಿತೆನ್ನುತ್ತಾರೆ. ನಮ್ಮಲ್ಲಿ ಸಿಡಿಲಿನ ಸದ್ದಿಗೆ ಹಿರಿಯರು ‘ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ’ ಎಂದು ಜಪಿಸುವುದನ್ನು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮಿಚಿಜಾನೆ ಇಂದು ತೆನ್‌ಜಿನ್ ಎಂಬ ವಿದ್ಯಾದೇವತೆ. ಪರೀಕ್ಷೆಯ ಕಾಲದಲ್ಲಿ ವಿದ್ಯಾರ್ಥಿಗಳು ಅವನ ಗುಡಿಗೆ ಹೋಗುತ್ತಾರೆ. ಭಯ ಪೂಜೆಯಾಗಿ ಬದಲಾಗಲು ಜಪಾನಿನಲ್ಲಿ ಹೆಚ್ಚು ಕಾಲ ಬೇಕಾಗುವುದಿಲ್ಲ.

ಉಳಿದ ಪಾತ್ರಗಳ ಬಗ್ಗೆ ಸ್ವಲ್ಪ ತಿಳಿದಿದ್ದರೆ ಸಾಕು. ಕಪ್ಪ ಎಂಬುದು ನೆತ್ತಿಯ ಮೇಲಿನ ತಟ್ಟೆಯಲ್ಲಿ ನೀರಿಟ್ಟುಕೊಂಡಿರುವ, ಸೌತೆಕಾಯಿ ಎಂದರೆ ಪ್ರಾಣವಾದ ನದಿಯ ಜೀವಿ. ತೆನ್‌ಗು ಎಂಬುದಕ್ಕೆ ಅಕ್ಷರಶಃ ‘ಆಕಾಶದ ನಾಯಿ’ ಎಂದರ್ಥವಾದರೂ ಚಿತ್ರಗಳಲ್ಲಿ ಅವನು ಕೆಂಪು ಮುಖದ, ಉದ್ದ ಮೂಗಿನ ಬೆಟ್ಟದ ವಾಸಿ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಕಥೆಗೆ ಮರಳಿದರೆ ಅದರ ತಿರುವು ಆಕಸ್ಮಿಕವೆನಿಸುವುದಿಲ್ಲ. ಕಾಮಿಗಾಮಿಯವರು ನಡುಗುತ್ತಾ ಕಾಯುತ್ತಿದ್ದ ಓನಿಗಳು ಬೇರೆ ಯಾರೂ ಅಲ್ಲ, ಮನುಷ್ಯರು. ಒನಾರಿಯೂ ಮನುಷ್ಯರ ಮಗುವೇ. ನಿರ್ದೇಶಕರು ಇಲ್ಲಿ ಪುರಾಣವನ್ನು ತಲೆಕೆಳಗು ಮಾಡಿದ್ದಾರೆಂದು ಹೇಳುವುದಕ್ಕಿಂತ, ಅಡಗಿರುವುದು, ಕಾಣದಿರುವುದು ಎಂಬ ಹಳೆಯ ಅರ್ಥಕ್ಕೆ ಪದವನ್ನು ಮರಳಿಸಿದ್ದಾರೆಂದು ಹೇಳುವುದೇ ಸರಿ. ಕಣ್ಣಿಗೆ ಕಾಣದವರೆಗೆ ಮನುಷ್ಯರು ದೇವರುಗಳಿಗೂ ಓನಿಗಳೇ.

ಫೆಬ್ರುವರಿ 3ರ ಸುಮಾರಿಗೆ ಬರುವ ಸೆತ್ಸುಬುನ್ ಹಬ್ಬದಲ್ಲಿ ಜಪಾನಿನ ಮನೆಮನೆಯಲ್ಲಿಯೂ ಹುರಿದ ಸೋಯಾ ಕಾಳುಗಳನ್ನೆರಚಿ ‘ಓನಿ ಹೊರಗೆ, ಭಾಗ್ಯ ಒಳಗೆ’ ಎಂದು ಕೂಗುತ್ತಾರೆ. ಆದರೆ ಯೊಶಿನೊ ಬೆಟ್ಟದ ಕಿನ್‌ಪುಸೆನ್‌ಜಿ ದೇವಾಲಯದಲ್ಲಿ ಅದೇ ಹಬ್ಬದಂದು ಕೇಳಿಬರುವ ಕೂಗು ‘ಭಾಗ್ಯ ಒಳಗೆ, ಓನಿಯೂ ಒಳಗೆ’ ಎಂಬುದು. ದೇಶದ ಬೇರೆಡೆಗಳಿಂದ ಅಟ್ಟಿಸಿಕೊಂಡು ಬಂದ ಓನಿಗಳಿಗೆ ಅಲ್ಲಿ ಬಾಗಿಲು ತೆರೆದಿರುತ್ತದೆ.