ಶೆಲ್ ಸ್ಕ್ರಿಪ್ಟ್ ಯಾರನ್ನು ಏನು ಕೇಳಬೇಕು?

ಶೆಲ್ ಸ್ಕ್ರಿಪ್ಟ್ ಅಂದರೆ ಕಂಪ್ಯೂಟರ್ ಒಂದಾದ ಮೇಲೊಂದು ನಡೆಸಬೇಕಾದ ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್. ಲಿನಕ್ಸ್‌ನಲ್ಲಿ ತಿಂಗಳುಗಟ್ಟಲೆ ಚೆನ್ನಾಗಿ ಓಡಿದ ಸ್ಕ್ರಿಪ್ಟ್ ಮ್ಯಾಕ್‌ಗೆ ಹೋದ ಕೂಡಲೇ ಮುಗ್ಗರಿಸುತ್ತದೆ. ಎಷ್ಟೋ ಸಲ ಅದಕ್ಕೆ ಕಾರಣ ‘ಸೆಡ್’. ಫೈಲಿನೊಳಗಿನ ಪದಗಳನ್ನು ಬದಲಿಸುವ ಪುಟ್ಟ ಕಮಾಂಡ್ ಇದು. ಫೈಲನ್ನು ಇದ್ದಲ್ಲೇ ತಿದ್ದಬೇಕಾದರೆ ‘-ಐ’ ಅಂತ ಸೇರಿಸುತ್ತೇವೆ. ಲಿನಕ್ಸ್‌ನ ಸೆಡ್‌ಗೆ ಅಷ್ಟು ಸಾಕು. ಮ್ಯಾಕ್‌ನ ಸೆಡ್‌ಗೆ ಸಾಲದು. ತಿದ್ದುವ ಮುಂಚಿನ ಪ್ರತಿಯನ್ನು ಉಳಿಸುವಾಗ ಅದರ ಹೆಸರಿಗೆ ಯಾವ ಬಾಲ ಅಂಟಿಸಬೇಕು ಅಂತಲೂ ಅದಕ್ಕೆ ಹೇಳಬೇಕು. ಹೇಳದಿದ್ದರೆ, ಪಕ್ಕದಲ್ಲಿರುವ ನಮ್ಮ ಬದಲಾವಣೆಯ ಸೂತ್ರವನ್ನೇ ಬಾಲ ಅಂದುಕೊಳ್ಳುತ್ತದೆ. ಅದರ ಮುಂದಿನ ಫೈಲ್ ಹೆಸರನ್ನು ಸೂತ್ರ ಅಂದುಕೊಳ್ಳುತ್ತದೆ! ಆಮೇಲೆ ಬರುವ ದೋಷದ ಸಂದೇಶ ಓದಿದರೆ ತಪ್ಪು ಎಲ್ಲಿದೆ ಅಂತ ಸುಳಿವೇ ಸಿಗುವುದಿಲ್ಲ.

ಇವೆರಡರ ಮನೆತನ ಬೇರೆ. ಮ್ಯಾಕ್‌ನ ಸೆಡ್ ಬರ್ಕ್ಲಿಯ ಬಿಎಸ್‌ಡಿ ಯುನಿಕ್ಸ್ ಕಡೆಯದು. ಲಿನಕ್ಸ್‌ನದು ಸಾಮಾನ್ಯವಾಗಿ ಗ್ನೂ ಯೋಜನೆಯದು. ಎರಡಕ್ಕೂ ಪೋಸಿಕ್ಸ್ ಎಂಬ ಮಾನದಂಡವಿದೆ, ಆದರೆ ‘-ಐ’ ಅದರಲ್ಲಿಲ್ಲ.

ಮೊದಲೇ ಸಿಸ್ಟಮ್‌ನ ಹೆಸರು ಕೇಳಿಬಿಟ್ಟರೆ ಆಯ್ತು, ಅಲ್ವಾ? ಅದಕ್ಕೆ ‘ಯುನೇಮ್ -ಎಸ್’ ಇದೆ. ಲಿನಕ್ಸ್‌ನಲ್ಲಿ ಅದು ‘ಲಿನಕ್ಸ್’ ಅನ್ನುತ್ತದೆ, ಮ್ಯಾಕ್‌ನಲ್ಲಿ ‘ಡಾರ್ವಿನ್’ ಅನ್ನುತ್ತದೆ. ವಿಂಡೋಸ್‌ನಲ್ಲಿ ಶೆಲ್ ಕಮಾಂಡ್‌ಗಳನ್ನು ಓಡಿಸಲು ಬಿಡುವ ಗಿಟ್ ಬ್ಯಾಷ್‌ನಲ್ಲಿ ಹೆಸರಿನ ಹಿಂದೆ ಆವೃತ್ತಿಯ ಸಂಖ್ಯೆಯೂ ಅಂಟಿಕೊಂಡಿರುತ್ತದೆ. ಹಾಗಾಗಿ ಮೊದಲ ಕೆಲವು ಅಕ್ಷರಗಳನ್ನಷ್ಟೇ ಹೋಲಿಸಬೇಕು.

ಆದರೆ ಯುನೇಮ್ ಹೇಳುವುದು ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಹೆಸರನ್ನು. ಅದರ ಮೇಲೆ ಯಾವ ಕಮಾಂಡ್‌ಗಳು ಕೂತಿವೆ ಅಂತ ಅದು ಹೇಳುವುದಿಲ್ಲ. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನಲ್ಲಿ ಮೂಲತಃ ಇರುವುದು ಬಿಜಿಬಾಕ್ಸ್ ಎಂಬ ಕಮಾಂಡ್‌ಗಳ ಕಟ್ಟಿನ ಸೆಡ್, ಯುನೇಮ್‌ನ ಉತ್ತರ ಮಾತ್ರ ‘ಲಿನಕ್ಸ್’. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಕೂಡ ‘ಲಿನಕ್ಸ್’ ಅನ್ನುತ್ತದೆ. ಮ್ಯಾಕ್‌ನಲ್ಲೇ ಗ್ನೂ ಸೆಡ್ ಹಾಕಿಕೊಂಡು ಅದನ್ನು ಪಾತ್‌ನಲ್ಲಿ (ಕಮಾಂಡ್ ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ) ಮುಂದಿಟ್ಟವರೂ ಇದ್ದಾರೆ. ‘ಡಾರ್ವಿನ್’ ಅನ್ನುವ ಉತ್ತರ ನಂಬಿ ಮ್ಯಾಕ್ ರೀತಿಯಲ್ಲಿ ಖಾಲಿ ಬಾಲ ಕೊಟ್ಟ ಸ್ಕ್ರಿಪ್ಟ್ ಅಲ್ಲಿ ಎಡವುತ್ತದೆ.

ಅದಕ್ಕೇ ನಾನು ಹೆಸರಿಗಿಂತ ಮೊದಲು ಕೆಲಸ ಕೇಳು ಅನ್ನುತ್ತೇನೆ. ಪ್ರೋಗ್ರಾಂಗಳನ್ನು ಬೇರೆಬೇರೆ ಯುನಿಕ್ಸ್‌ಗಳಿಗೆ ಹೊಂದಿಸಲು 1991ರಲ್ಲಿ ಶುರುವಾದ ಆಟೋಕಾನ್ಫ್ ಹಿಡಿದದ್ದೂ ಇದೇ ದಾರಿ. ಬ್ರೌಸರ್‌ನಲ್ಲಿ ಪುಟ ತೆರೆಯಬೇಕೇ? ಲಿನಕ್ಸ್‌ನಲ್ಲಿ ಆ ಕೆಲಸ ಮಾಡುವ ‘ಎಕ್ಸ್‌ಡಿಜಿ-ಓಪನ್’ ಇದೆಯಾ ಅಂತ, ಕಮಾಂಡ್ ಇದೆಯೋ ಇಲ್ಲವೋ ಹೇಳುವ ‘ಕಮಾಂಡ್ -ವಿ’ಯಿಂದ ನೋಡಿ. ಇಲ್ಲದಿದ್ದರೆ ಮ್ಯಾಕ್‌ನ ‘ಓಪನ್’ ಹುಡುಕಿ. ಸೆಟ್ಟಿಂಗ್ಸ್ ಫೈಲನ್ನು ಯಾವ ಫೋಲ್ಡರಿನಲ್ಲಿ ಇಡಬೇಕು ಅನ್ನುವಂಥ ವಿಷಯಕ್ಕೆ ಮಾತ್ರ ಹೆಸರು ನಿಜಕ್ಕೂ ಬೇಕು.

ಸೆಡ್‌ಗಂತೂ ಯಾವ ಪ್ರಶ್ನೆಯೂ ಬೇಡ. ‘-ಐ’ಗೆ ಜಾಗ ಬಿಡದೆ ‘.ಬ್ಯಾಕ್’ ಅಂಟಿಸಿ ಬರೆದರೆ ಗ್ನೂ, ಬಿಎಸ್‌ಡಿ ಎರಡೂ ಒಪ್ಪುತ್ತವೆ. ಕೆಲಸ ಮುಗಿದ ಮೇಲೆ ಆ ಹಳೆಯ ಪ್ರತಿಯನ್ನು ಅಳಿಸಿಬಿಡಿ.