ಭಾನುವಾರದ ಪಿಸ್ತೂಲು, ಪಂದ್ಯದ ಪಿಸ್ತೂಲು

ಅಕ್ಕನ ಮಗ ಟೆಕ್ಸಸ್‌ನಲ್ಲಿದ್ದಾನೆ. ವಾರವಿಡೀ ಸಾಫ್ಟ್‌ವೇರ್ ಕೆಲಸ, ಭಾನುವಾರ ಬೆಳಿಗ್ಗೆ ಶೂಟಿಂಗ್ ರೇಂಜ್. ಕಳೆದ ತಿಂಗಳು ನನ್ನ ಮೊಬೈಲ್‌ಗೆ ಎರಡು ಚಿತ್ರ ಕಳುಹಿಸಿದ. ಎರಡೂ ತನ್ನ ರೂಗರ್ ಮಾರ್ಕ್ 4 ಪಿಸ್ತೂಲಿನಿಂದ 25 ಗಜ ದೂರದಲ್ಲಿ ಹೊಡೆದ ಟಾರ್ಗೆಟ್‌ಗಳು. ಮೊದಲನೆಯದನ್ನು ಮರಳುಚೀಲದ ಮೇಲೆ ಪಿಸ್ತೂಲು ಊರಿ ಹೊಡೆದಿದ್ದ. ಹತ್ತು ರೂಪಾಯಿಯ ನಾಣ್ಯ ಇಟ್ಟರೆ ಐದೂ ತೂತು ಮುಚ್ಚಿಹೋಗುವಂತಿದ್ದವು. ಎರಡನೆಯದು ನಿಂತು, ಒಂದೇ ಕೈಯಲ್ಲಿ ಹೊಡೆದದ್ದು. ತೂತುಗಳು ಊಟದ ತಟ್ಟೆಯಷ್ಟು ಅಗಲಕ್ಕೆ ಚೆದುರಿದ್ದವು. ಹೆಚ್ಚಿನವು ಕೆಳಗೆ, ಎಡಕ್ಕೆ ಜಾರಿದ್ದವು. ಜೊತೆಗೊಂದು ಪ್ರಶ್ನೆ: “ಮಾಮ, 2,000 ಡಾಲರ್‌ಗಿಂತ ಹೆಚ್ಚು ಸುರಿದು ಇಟಲಿಯ ಪಂದ್ಯದ ಪಿಸ್ತೂಲು ಪಾರ್ದಿನಿ ಕೊಂಡರೆ ನನ್ನ ಅಂಕ ಎಷ್ಟು ಏರುತ್ತದೆ?”

ಉತ್ತರದ ಅರ್ಧ ಅವನ ಮೊದಲ ಚಿತ್ರದಲ್ಲೇ ಇತ್ತು. ಅಂತರರಾಷ್ಟ್ರೀಯ 25 ಮೀಟರ್ ಪಂದ್ಯದ ಪ್ರಿಸಿಶನ್ ಟಾರ್ಗೆಟ್‌ನಲ್ಲಿ ಹತ್ತು ಅಂಕ ಕೊಡುವ ನಡುವಿನ ವೃತ್ತ 50 ಮಿಲಿಮೀಟರ್ ಅಗಲ. ಸುಮಾರು 600 ಡಾಲರ್‌ನ ಅವನ ಪಿಸ್ತೂಲಿನ ನಳಿಗೆ ಅದರೊಳಗೆ ನೆಮ್ಮದಿಯಾಗಿ ಗುಂಡು ಇಡುತ್ತದೆ. ಪಂದ್ಯದ ಪಿಸ್ತೂಲು ಇನ್ನಷ್ಟು ಒತ್ತಾಗಿ ಇಟ್ಟೀತು, ಆದರೆ ಮರಳುಚೀಲದ ಮೇಲಿನ ಲೆಕ್ಕದಲ್ಲಿ ಎರಡಕ್ಕೂ ಸಿಗುವುದು ಹತ್ತೇ. ಹಾಗಾದರೆ ಮೂರು ನಾಲ್ಕು ಪಟ್ಟು ಬೆಲೆ ಯಾತಕ್ಕೆ? ಕೈಗೂ ನಳಿಗೆಗೂ ನಡುವೆ ಇರುವ ಭಾಗಕ್ಕೆ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ನನ್ನ ಶಿಷ್ಯರಿಗೆಲ್ಲ ಬಾಯಿಪಾಠವಾಗಿರುವ ಲೆಕ್ಕ. 25 ಮೀಟರ್ ಪಂದ್ಯದಲ್ಲಿ, ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವಣ ಅಂತರ 220 ಮಿಲಿಮೀಟರ್ ಮೀರುವಂತಿಲ್ಲ. ಅಷ್ಟು ಅಂತರದಲ್ಲಿ ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡು ಸುಮಾರು 114 ಮಿಲಿಮೀಟರ್ ಆಚೆ ಬೀಳುತ್ತದೆ. ನಟ್ಟ ನಡುವಿನಿಂದ ಹತ್ತರ ಅಂಚಿಗೆ ಇರುವುದು ಕೇವಲ 25. ಅಂದರೆ ಕಾಲು ಮಿಲಿಮೀಟರ್ ಅಲುಗಿದರೂ ಹತ್ತು ಕೈಬಿಟ್ಟಂತೆ. ಈ ಅಲುಗಾಟ ಬಹುತೇಕ ಬರುವುದು ತೋಳಿನ ನಡುಕದಿಂದಲ್ಲ, ಬೆರಳಿನಿಂದ.

ಟ್ರಿಗರ್‌ನ ಮಹತ್ವ ಇರುವುದು ಇಲ್ಲಿಯೇ. ಕಾರ್ಖಾನೆಯಿಂದ ಬಂದ ಹಾಗೆಯೇ ಇರುವ ಭಾನುವಾರದ ಪಿಸ್ತೂಲಿನ ಟ್ರಿಗರ್ ಸಾಮಾನ್ಯವಾಗಿ ಎರಡು ಕಿಲೋ ಸುತ್ತಮುತ್ತ ಎಳೆತ ಕೇಳುತ್ತದೆ. ಪಿಸ್ತೂಲಿನ ತೂಕವೇ ಅದಕ್ಕಿಂತ ಕಡಿಮೆ. ಒಂದು ವಸ್ತುವನ್ನು ಅದರ ತೂಕಕ್ಕಿಂತ ಹೆಚ್ಚು ಬಲದಿಂದ, ಒಂದೇ ಬೆರಳಲ್ಲಿ, ಕಾಲು ಮಿಲಿಮೀಟರೂ ಅಲುಗಿಸದೆ ಎಳೆಯಿರಿ ನೋಡೋಣ! ಬಲಗೈಯವರಾದರೆ ಮೂತಿ ಕೆಳಗೆ ಎಡಕ್ಕೆ ಹೋಗುತ್ತದೆ; ನಮ್ಮ ಹುಡುಗನ ಎರಡನೆಯ ಚಿತ್ರದ ಕಥೆ ಅಷ್ಟೇ. ಪಂದ್ಯದ ನಿಯಮ ಕೇಳುವ ಕನಿಷ್ಠ ಎಳೆತ 1000 ಗ್ರಾಂ. ಅದನ್ನೂ ಪಂದ್ಯದ ಪಿಸ್ತೂಲು ಎರಡು ಕಂತಿನಲ್ಲಿ ವಸೂಲಿ ಮಾಡುತ್ತದೆ. ಮೊದಲ ಹಂತದಲ್ಲಿ ಬಹುಪಾಲು ಭಾರ ಬೆರಳಿನ ಮೇಲೆ ಬಂದು ನಿಲ್ಲುತ್ತದೆ, ಅಲ್ಲೊಂದು ಗೋಡೆ ತಗುಲಿದಂತಾಗುತ್ತದೆ. ಸೈಟು ನೆಟ್ಟಗಾದ ಮೇಲೆ ಉಳಿದ ಚೂರು ಭಾರ ಸೇರಿಸಿದರೆ ಸಾಕು, ಗಾಜಿನ ಕಡ್ಡಿ ಮುರಿದ ಹಾಗೆ ಗುಂಡು ಹಾರುತ್ತದೆ. ಮುರಿದ ಮೇಲೂ ಟ್ರಿಗರ್ ಹಿಂದಕ್ಕೆ ಓಡದಂತೆ ತಡೆಯುವ ತಿರುಪು ಬೇರೆ ಇರುತ್ತದೆ.

ಈ ತಿರುಪುಗಳಿಂದ ನಾನು ಪಟ್ಟ ಪಾಡೂ ಉಂಟು. ರಾಜ್ಯಮಟ್ಟದ ಪಂದ್ಯವೊಂದರ ಹಿಂದಿನ ರಾತ್ರಿ ನನ್ನ ಶಿಷ್ಯೆಯೊಬ್ಬಳು “ಸ್ವಲ್ಪ ಹಗುರ ಮಾಡಿಕೊಳ್ಳೋಣ” ಎಂದು ತಿರುಪು ತಿರುವಿದ್ದಳು. ಬೆಳಿಗ್ಗೆ ತಪಾಸಣೆಯಲ್ಲಿ ನಳಿಗೆಯನ್ನು ಆಕಾಶಕ್ಕೆ ನೆಟ್ಟಗೆ ಹಿಡಿದು ಟ್ರಿಗರ್‌ಗೆ ತೂಕದ ಕಲ್ಲು ತೂಗುಹಾಕಿದರು. ಕಲ್ಲನ್ನು ಎತ್ತಲು ಮೂರು ಅವಕಾಶ. ಮೂರು ಸಲವೂ ಕಲ್ಲು ಮೇಲೇಳುವ ಮೊದಲೇ ಟಿಕ್ ಎಂದಿತು. ಸರಿಪಡಿಸಿ ಮತ್ತೆ ಪಾಸು ಮಾಡಿಸುವಷ್ಟರಲ್ಲಿ ಅವಳ ಮುಖದಲ್ಲಿ ರಕ್ತವಿರಲಿಲ್ಲ. ಅಂದಿನ ಅಂಕವನ್ನು ಇಲ್ಲಿ ಬರೆಯುವುದಿಲ್ಲ.

ಟ್ರಿಗರ್‌ಗಿಂತ ದೊಡ್ಡ ವ್ಯತ್ಯಾಸ ಗುಂಡು ತುಂಬುವ ಮ್ಯಾಗಜೀನ್‌ನ ಜಾಗದಲ್ಲಿದೆ ಎಂದರೆ ಹೊಸಬರು ನಂಬುವುದಿಲ್ಲ. ರೂಗರ್‌ನಲ್ಲಿ ಅದು ಹಿಡಿಕೆಯ ಒಳಗೆ ಕೂರುತ್ತದೆ. ಹಾಗಾಗಿ ಹಿಡಿಕೆಯ ದಪ್ಪ, ಓರೆ ಎಲ್ಲವನ್ನೂ ಮ್ಯಾಗಜೀನ್ ನಿರ್ಧರಿಸುತ್ತದೆ; ಕೈ ಅದಕ್ಕೆ ಹೊಂದಿಕೊಳ್ಳಬೇಕು. ಪಾರ್ದಿನಿಯಲ್ಲೂ, 1960ರ ದಶಕದ ಕೊನೆಗೆ ಬಂದ ಜರ್ಮನಿಯ ಪಂದ್ಯದ ಪಿಸ್ತೂಲು ವಾಲ್ಥರ್ ಜಿಎಸ್‌ಪಿಯಲ್ಲೂ ಮ್ಯಾಗಜೀನ್ ಟ್ರಿಗರ್‌ನ ಮುಂದಿದೆ. ಹಿಂದೆ ಉಳಿಯುವುದು ಬರೀ ಮರ. ಅದನ್ನು ಕೆತ್ತಬಹುದು, ಪುಟ್ಟಿ ಮೆತ್ತಿ ಹಸಿಯಿರುವಾಗಲೇ ಹಿಡಿದು ಅಂಗೈಯ ಅಚ್ಚು ತೆಗೆಯಬಹುದು, ಒಣಗಿದ ಮೇಲೆ ಮರಳುಕಾಗದದಿಂದ ಉಜ್ಜಬಹುದು. ನಳಿಗೆಯೂ ಕೈಗೆ ತಾಗಿದಂತೆ ತಗ್ಗಿನಲ್ಲಿ ಕೂರುತ್ತದೆ. ಒದೆತ ಮೂತಿಯನ್ನು ಮೇಲಕ್ಕೆ ಚಿಮ್ಮಿಸುವ ಬದಲು ನೇರ ಹಿಂದಕ್ಕೆ ತೋಳಿಗೆ ಬರುತ್ತದೆ. ನಾಲ್ಕು ಸೆಕೆಂಡಿನಲ್ಲಿ ಐದು ಟಾರ್ಗೆಟ್‌ಗೆ ಐದು ಗುಂಡು ಹೊಡೆಯಬೇಕಾದ ರ್‍ಯಾಪಿಡ್ ಫೈರ್‌ನವರಿಗೆ ಇದು ಜೀವನ್ಮರಣದ ಪ್ರಶ್ನೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದೇ ಪಂದ್ಯದಲ್ಲಿ. ಭಾನುವಾರ ಡಬ್ಬಿ ಹೊಡೆದು ಬೀಳಿಸುವವನಿಗೆ ಅವಸರವೇನಿದೆ?

ಹೆಸರು ನೋಡಿ ಮೋಸ ಹೋಗಬಾರದು ಎಂದೂ ಅವನಿಗೆ ಬರೆದೆ. ರೂಗರ್‌ನಲ್ಲೇ ‘ಕಾಂಪಿಟಿಷನ್’ ಎಂಬ ಮಾದರಿಯಿದೆ, ಅದರ ನಳಿಗೆ 6.88 ಇಂಚು, ಅಂದರೆ ಸುಮಾರು 175 ಮಿಲಿಮೀಟರ್. ಅಂತರರಾಷ್ಟ್ರೀಯ 25 ಮೀಟರ್ ಪಂದ್ಯದಲ್ಲಿ ನಳಿಗೆಯ ಮಿತಿ 153. ಹೆಸರಿನಲ್ಲಿ ಪಂದ್ಯ ಹೊತ್ತ ಪಿಸ್ತೂಲಿಗೆ ಈ ಪಂದ್ಯದ ಬಾಗಿಲು ಮುಚ್ಚಿದೆ. ಅಮೆರಿಕದವರದೇ ಆದ ಬುಲ್ಸ್‌ಐ ಪಂದ್ಯಕ್ಕೆ ಅದು ಧಾರಾಳವಾಗಿ ಸಲ್ಲುತ್ತದೆ.

ಗುಂಡಿನ ವಿಷಯದಲ್ಲಿ ಮಾತ್ರ ಅಗ್ಗದ ಪಿಸ್ತೂಲೇ ಮೇಲು. ಅದು ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಪಂದ್ಯದ ಪಿಸ್ತೂಲು ಮಡಿಯ ಮನೆಯ ಅಜ್ಜಿಯಂತೆ: ಶಬ್ದದ ವೇಗ ದಾಟದ ಸ್ಟ್ಯಾಂಡರ್ಡ್ ಗುಂಡನ್ನೇ ಕೊಡಬೇಕು.

ನಮ್ಮಲ್ಲಿ ಭಾನುವಾರದ ಪಿಸ್ತೂಲು ಎಂಬ ಮೆಟ್ಟಿಲೇ ಇಲ್ಲ. ಆಯುಧ ಕಾಯ್ದೆಯಡಿ ಇಂಥ ಪಾಯಿಂಟ್ 22 ಗುಂಡಿನ ಸಣ್ಣ ಪಿಸ್ತೂಲಿಗೂ ಪರವಾನಗಿ ಬೇಕು. ಹಾಗಾಗಿ ಮಕ್ಕಳು 10 ಮೀಟರ್ ಏರ್ ಪಿಸ್ತೂಲಿನಿಂದ ನೇರವಾಗಿ ಪಂದ್ಯದ ಪಿಸ್ತೂಲಿಗೆ ಜಿಗಿಯುತ್ತಾರೆ. ತಂದೆತಾಯಿ ನನ್ನಲ್ಲಿ ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು. ಹಿಡಿಕೆ ಯಾವ ಅಳತೆಯದು ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಕೈಗೆ ಕೂರದ ಪಾರ್ದಿನಿಗಿಂತ ಕೈಗೆ ಕೂತ ಹಳೆಯ ಕ್ಲಬ್ ಪಿಸ್ತೂಲನ್ನು ನಾನು ಆರಿಸುತ್ತೇನೆ.

ಅಕ್ಕನ ಮಗನಿಗೆ ಹೇಳಿದ್ದು ಇಷ್ಟು: ಟ್ರಿಗರ್ ಕೆಲಸವನ್ನು ಬಲ್ಲ ಕೈಗೆ ಕೊಡು, ನೀನೇ ಬಿಚ್ಚಬೇಡ. ಅಂಗೈಗೆ ಒಪ್ಪುವ ಮರದ ಹಿಡಿಕೆ ಹಾಕಿಸು. ದಿನಾ ಹತ್ತು ನಿಮಿಷ ಖಾಲಿ ಪಿಸ್ತೂಲಿನಲ್ಲಿ, ಖಾಲಿಯೆಂದು ಎರಡೆರಡು ಸಲ ನೋಡಿಕೊಂಡು, ಬಿಳಿ ಗೋಡೆಗೆ ಡ್ರೈ ಮಾಡು, ಅಂದರೆ ಗುಂಡಿಲ್ಲದೆ ಬರೀ ಟ್ರಿಗರ್ ಎಳೆದು ಅಭ್ಯಾಸ ಮಾಡು. ಹತ್ತಿರದ ಬುಲ್ಸ್‌ಐ ಪಂದ್ಯಕ್ಕೊಮ್ಮೆ ಹೋಗು.

ಮೊನ್ನೆ ಹೋಗಿಬಂದನಂತೆ. ಟಾರ್ಗೆಟ್‌ನ ಹೊಸ ಚಿತ್ರ ಬಂದಿದೆ. ಗುಂಡುಗಳು ಈಗಲೂ ಕೆಳಗೆ ಎಡಕ್ಕೇ, ಆದರೆ ತಟ್ಟೆ ಕುಗ್ಗಿ ಕಾಫಿ ಸಾಸರ್ ಆಗಿದೆ. ಅಲ್ಲಿ ಎಲ್ಲರನ್ನೂ ಹಿಂದಿಕ್ಕಿದವರು ಎಪ್ಪತ್ತು ದಾಟಿದ ಒಬ್ಬ ಯಜಮಾನರು, ಅವರ ಕೈಯಲ್ಲಿದ್ದದ್ದು ಬಣ್ಣ ಹೋದ ಸ್ಮಿತ್ ಆ್ಯಂಡ್ ವೆಸನ್ 41. ಮ್ಯಾಗಜೀನ್ ಹಿಡಿಕೆಯೊಳಗೇ ಇರುವಂಥದ್ದು. “ಮಾಮ, ಪಾರ್ದಿನಿ ಬೇಡ, ಅದು ಸಿಗುತ್ತದೆಯಾ ನೋಡುತ್ತಿದ್ದೇನೆ” ಎಂದು ಬರೆದಿದ್ದಾನೆ.