ಗೆರೆಯಿಂದ ದೂರ ನಿಂತ ಚುಕ್ಕಿಗಳು

ಭೂಗೋಳದ ಪೇಪರ್ ತಿದ್ದಲು ಕೂತರೆ ಮೊದಲ ಹತ್ತು ಉತ್ತರ ಓದುವಷ್ಟರಲ್ಲೇ ಒಂದು ವಿಷಯ ಗೊತ್ತಾಗಿಬಿಡುತ್ತದೆ. ಮಕ್ಕಳು ‘ಜಾಗತಿಕ ಅಭಿವೃದ್ಧಿ’ಯನ್ನು ಒಂದು ಡಬ್ಬಿಯಲ್ಲಿ, ‘ಶಕ್ತಿ ಸಂಪನ್ಮೂಲ’ವನ್ನು ಇನ್ನೊಂದು ಡಬ್ಬಿಯಲ್ಲಿ ತುಂಬಿಟ್ಟುಕೊಂಡು ಬಂದಿರುತ್ತಾರೆ. ಪ್ರಶ್ನೆ ಎರಡನ್ನೂ ಸೇರಿಸಿ ಕೇಳಿತೋ, ಮುಗೀತು. ಮೊದಲ ಪುಟ ಪೂರ್ತಿ ತಲಾ ಆದಾಯ, ಎರಡನೇ ಪುಟ ಪೂರ್ತಿ ಗಾಳಿಯಂತ್ರ. ನಡುವೆ ಸೇತುವೆಯೇ ಇಲ್ಲ.

ತಪ್ಪು ಅವರದೊಂದೇ ಅಲ್ಲ. ನಾನೂ ಎಷ್ಟೋ ವರ್ಷ ಹಾಗೆಯೇ ಕಲಿಸಿದ್ದೆ. ಒಂದು ತಿಂಗಳು ಆ ಪಾಠ, ಮುಂದಿನ ತಿಂಗಳು ಈ ಪಾಠ. ಈಗ ಎರಡನ್ನೂ ಒಂದೇ ಚಿತ್ರದಿಂದ ಶುರು ಮಾಡುತ್ತೇನೆ.

ಒಂದು ಗ್ರಾಫ್ ಬರೆಯಿರಿ. ಅಡ್ಡಗೆರೆಯ ಮೇಲೆ ಒಬ್ಬ ಮನುಷ್ಯ ವರ್ಷಕ್ಕೆ ಬಳಸುವ ಶಕ್ತಿ. ನಿಂತ ಗೆರೆಯ ಮೇಲೆ ಮಾನವ ಅಭಿವೃದ್ಧಿ ಸೂಚ್ಯಂಕ, ಅಂದರೆ ಆಯಸ್ಸು, ಓದು, ಆದಾಯ ಸೇರಿಸಿ ದೇಶಕ್ಕೆ 0ರಿಂದ 1ರೊಳಗೆ ಕೊಡುವ ಅಂಕ. ಒಂದೊಂದು ದೇಶಕ್ಕೆ ಒಂದೊಂದು ಚುಕ್ಕಿ. ಚುಕ್ಕಿಗಳ ನಡುವೆ ಗೆರೆ ಎಳೆದರೆ ಅದು ನೇರ ಬರುವುದಿಲ್ಲ. ಮೊದಲು ಏಣಿ ಹತ್ತಿದ ಹಾಗೆ ಸರ್ರನೆ ಮೇಲೇರುತ್ತದೆ, ಆಮೇಲೆ ಮಹಡಿಯ ಮೇಲೆ ನಡೆದ ಹಾಗೆ ಚಪ್ಪಟೆಯಾಗಿ ಸಾಗುತ್ತದೆ. ಏಣಿ ಯಾಕೆ, ಮಹಡಿ ಯಾಕೆ ಅಂತ ಹೇಳಲು ಬಂದರೆ ಅರ್ಧ ಪಾಠ ಬಂದಂತೆ.

ಏಣಿಯ ಭಾಗ ನೋಡೋಣ. ಏನೂ ಇಲ್ಲದ ಮನೆಗೆ ಬರುವ ಮೊದಲ ಕೆಲವು ಯೂನಿಟ್ ಕರೆಂಟ್ ಮಾಡುವ ಕೆಲಸ ದೊಡ್ಡದು. ರಾತ್ರಿ ಓದಲು ಒಂದು ಬಲ್ಬು, ಆಸ್ಪತ್ರೆಯಲ್ಲಿ ಲಸಿಕೆ ಇಡಲು ಫ್ರಿಜ್ಜು, ನೀರೆತ್ತಲು ಒಂದು ಪಂಪು. ಹೊಗೆಯಿಲ್ಲದ ಒಲೆ ಬಂದರಂತೂ ಸೌದೆ ಆಯಲು ಹೋಗುವ ಹುಡುಗಿಯರಿಗೆ ಶಾಲೆಗೆ ಹೋಗಲು ಹೊತ್ತು ಸಿಗುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಜಗತ್ತಿನಲ್ಲಿ ಕರೆಂಟೇ ಇಲ್ಲದವರು ಸುಮಾರು 70 ಕೋಟಿ, ಹೆಚ್ಚಿನವರು ಸಹಾರಾದ ಕೆಳಗಿನ ಆಫ್ರಿಕಾದವರು. ಸೌದೆ, ಇದ್ದಿಲು, ಬೆರಣಿ, ಸೀಮೆಎಣ್ಣೆಯಲ್ಲೇ ಅಡುಗೆ ಮಾಡುವವರು 200 ಕೋಟಿಗೂ ಜಾಸ್ತಿ. ಈ ಎರಡು ಅಂಕಿಗಳ ನಡುವಿನ ಅಂತರ ಗಮನಿಸಿ. ಮನೆಗೆ ತಂತಿ ಬಂದ ಮಾತ್ರಕ್ಕೆ ಒಲೆ ಬದಲಾಗುವುದಿಲ್ಲ. ಎಲ್ಲರೂ ಮೊದಲ ಅಂಕಿ ಬರೆಯುತ್ತಾರೆ, ಎರಡನೆಯದನ್ನು ಬರೆಯುವವರು ಬಹಳ ಕಡಿಮೆ.

ಇನ್ನು ಮಹಡಿ. ಮಾನವ ಅಭಿವೃದ್ಧಿ ಸೂಚ್ಯಂಕ 1990ರಲ್ಲಿ ಬಂತು. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅದರ ಹಿಂದಿದ್ದರು, ಅಮರ್ತ್ಯ ಸೇನ್ ಕೈಜೋಡಿಸಿದ್ದರು. ಅದು ಅಳೆಯುವುದು ಆಯಸ್ಸು, ಶಾಲೆಯ ವರ್ಷಗಳು, ತಲಾ ಆದಾಯ, ಈ ಮೂರನ್ನು. 0.800 ದಾಟಿದರೆ ‘ಅತಿ ಹೆಚ್ಚು’, 0.550ಕ್ಕಿಂತ ಕೆಳಗಿದ್ದರೆ ‘ಕಡಿಮೆ’. ಮನೆಗೆ ಎರಡನೇ ಕಾರು, ಮೂರನೇ ಏಸಿ ಬಂದರೆ ಆಯಸ್ಸೇನೂ ಬೆಳೆಯುವುದಿಲ್ಲ, ಅಲ್ವಾ? ಅದಕ್ಕೇ ಗೆರೆ ಚಪ್ಪಟೆಯಾಗುತ್ತದೆ. ಕೋಸ್ಟರಿಕಾದಲ್ಲಿ ಒಬ್ಬರು ಬಳಸುವ ಶಕ್ತಿ ಅಮೆರಿಕದವರು ಬಳಸುವುದರ ಒಂದು ಸಣ್ಣ ಪಾಲು. ಆದರೂ ಅಲ್ಲಿನವರ ಆಯಸ್ಸು ಅಮೆರಿಕದವರಿಗಿಂತ ಕಡಿಮೆಯಿಲ್ಲ, ಸೂಚ್ಯಂಕವೂ 0.8 ದಾಟಿದೆ.

ಇಷ್ಟನ್ನು ಸುಮಾರು ಮಕ್ಕಳು ಬರೆಯುತ್ತಾರೆ. ನನಗೆ ಇಷ್ಟವಾಗುವುದು ಗೆರೆಯಿಂದ ದೂರ ನಿಂತ ಚುಕ್ಕಿಗಳು. ಪ್ರಶ್ನೆಪತ್ರಿಕೆ ತೆಗೆಯುವವರ ಕಣ್ಣೂ ಅಲ್ಲೇ ಇರುತ್ತದೆ.

ಐಸ್‌ಲ್ಯಾಂಡ್ ತೆಗೆದುಕೊಳ್ಳಿ. ತಲಾ ವಿದ್ಯುತ್ ಬಳಕೆಯಲ್ಲಿ ಜಗತ್ತಿಗೇ ಮೊದಲು, ವರ್ಷಕ್ಕೆ ಒಬ್ಬರಿಗೆ ಸುಮಾರು 50 ಸಾವಿರ ಯೂನಿಟ್. ‘ಚಳಿ ಜಾಸ್ತಿ, ಅದಕ್ಕೇ’ ಅಂತ ಬರೆದ ಉತ್ತರಗಳು ಎಷ್ಟೋ. ತಪ್ಪು. ಅಲ್ಲಿ ಮನೆ ಬೆಚ್ಚಗಾಗುವುದು ಬಹುಪಾಲು ನೆಲದಡಿಯ ಬಿಸಿನೀರಿನಿಂದ. ಕರೆಂಟಿನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಹೋಗುವುದು ಅಲ್ಯೂಮಿನಿಯಂ ಕಾರ್ಖಾನೆಗಳಿಗೆ. ಕಚ್ಚಾವಸ್ತು ಹೊರದೇಶದಿಂದ ಬರುತ್ತದೆ, ಲೋಹ ಹೊರದೇಶಕ್ಕೆ ಹೋಗುತ್ತದೆ. ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು. ಭಾಗಿಸಿದರೆ ತಲಾ ಲೆಕ್ಕ ಆಕಾಶಕ್ಕೇರುತ್ತದೆ.

ನೈಜೀರಿಯಾ ಇದಕ್ಕೆ ತದ್ವಿರುದ್ಧ. 1971ರಿಂದ ತೈಲ ಮಾರುವ ದೇಶಗಳ ಕೂಟವಾದ ಒಪೆಕ್‌ನ ಸದಸ್ಯ ದೇಶ, ನೆಲದಡಿಯಲ್ಲಿ ತೈಲ, ಅನಿಲ ಎರಡೂ ಇವೆ. ಆದರೆ ಕರೆಂಟಿಲ್ಲದವರು ಜಗತ್ತಿನಲ್ಲಿ ಅತಿ ಹೆಚ್ಚು ಇರುವುದೂ ಅಲ್ಲೇ, 8 ಕೋಟಿಗೂ ಮೇಲೆ. ಕಚ್ಚಾ ತೈಲ ಮಾರಿ ಪೆಟ್ರೋಲನ್ನು ಹೊರಗಿನಿಂದ ಕೊಂಡು ತಂದ ದೇಶ ಅದು, ದಶಕಗಟ್ಟಲೆ. ಸಂಪನ್ಮೂಲ ಇರುವುದು ಬೇರೆ, ಅದು ಮನೆ ಬಾಗಿಲಿಗೆ ಬರುವುದು ಬೇರೆ.

ಇದನ್ನು ಇನ್ನೂ ಕಣ್ಣಿಗೆ ಕಟ್ಟುವಂತೆ ತೋರಿಸುವುದು ಕಾಂಗೋ. ಕಿನ್ಶಾಸಾ ರಾಜಧಾನಿಯಾಗಿರುವ ಕಾಂಗೋ ಅಂತ ಸ್ಪಷ್ಟವಾಗಿ ಬರೆಯಿರಿ, ಪಕ್ಕದಲ್ಲೇ ಇನ್ನೊಂದು ಕಾಂಗೋ ಇದೆ. ಅಲ್ಲಿನ ಇಂಗಾ ಜಲಪಾತಗಳಿಂದ 40,000 ಮೆಗಾವ್ಯಾಟ್ ತೆಗೆಯಬಹುದು ಎಂಬ ಅಂದಾಜಿದೆ. ಇಂಗಾ 1 ಅಣೆಕಟ್ಟು 1972ರಲ್ಲಿ, ಇಂಗಾ 2 1982ರಲ್ಲಿ ಬಂದವು. ಎರಡೂ ಸೇರಿ 1,800 ಮೆಗಾವ್ಯಾಟ್ ಕೂಡ ಇಲ್ಲ. ಅಲ್ಲಿಂದ ಸುಮಾರು 1,700 ಕಿಲೋಮೀಟರ್ ಉದ್ದದ ಒಂದು ವಿದ್ಯುತ್ ಮಾರ್ಗ ದೇಶದ ಇನ್ನೊಂದು ತುದಿಯ ಕಟಾಂಗಾ ಪ್ರದೇಶಕ್ಕೆ ಹೋಗುತ್ತದೆ. ಯಾಕೆ? ತಾಮ್ರದ ಗಣಿಗಳಿಗೆ. ದಾರಿಯಲ್ಲಿ ಎಷ್ಟೋ ಹಳ್ಳಿಗಳ ತಲೆಯ ಮೇಲೆ ತಂತಿ ಹಾದುಹೋಗುತ್ತದೆ, ಕೆಳಗೆ ಕತ್ತಲೆ. ಅದು ಭಾರಿ ಒತ್ತಡದ ನೇರ ವಿದ್ಯುತ್ (ಡಿಸಿ) ಮಾರ್ಗ, ಮನೆಗೆ ಬರುವ ಎಸಿ ಕರೆಂಟಲ್ಲ. ನಡುವೆ ಇಳಿಸಿಕೊಳ್ಳಬೇಕಾದರೆ ದುಬಾರಿ ಸ್ಟೇಷನ್ ಕಟ್ಟಬೇಕು, ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಸಾಲದು. ‘ಶಕ್ತಿ ಹೆಚ್ಚಾದರೆ ಅಭಿವೃದ್ಧಿ ಆಗುತ್ತದೆಯೇ?’ ಎಂಬ ಪ್ರಶ್ನೆಗೆ ಇದೊಂದು ಉದಾಹರಣೆಯನ್ನು ಸರಿಯಾಗಿ ಬಿಡಿಸಿ ಬರೆದವರು ಹತ್ತು ದೇಶಗಳ ಹೆಸರು ಉದುರಿಸಿದವರಿಗಿಂತ ಮುಂದೆ ಹೋಗುತ್ತಾರೆ. ಯಾರ ಶಕ್ತಿ, ಯಾರಿಗೆ ತಲುಪಿತು, ತಲುಪದಿದ್ದರೆ ಯಾಕೆ? ಎಲ್ಲ ಉದಾಹರಣೆಗೂ ಈ ಮೂರನ್ನು ಕೇಳಿಕೊಳ್ಳಿ.

ಕಾಂಗೋ ಇನ್ನೊಂದು ವಿಷಯಕ್ಕೂ ನೆರವಾಗುತ್ತದೆ. ಶಕ್ತಿಯಿಂದ ಅಭಿವೃದ್ಧಿಯೋ, ಅಭಿವೃದ್ಧಿಯಿಂದ ಶಕ್ತಿಯೋ? ಬಾಣದ ಗುರುತು ಎರಡೂ ಕಡೆಗೆ ಇದೆ. ಕರೆಂಟಿಲ್ಲದೆ ಕಾರ್ಖಾನೆ ಬರುವುದಿಲ್ಲ, ಕಾರ್ಖಾನೆ ಇಲ್ಲದೆ ತೆರಿಗೆ ಬರುವುದಿಲ್ಲ, ತೆರಿಗೆ ಇಲ್ಲದೆ ತಂತಿ ಎಳೆಯಲು ದುಡ್ಡಿಲ್ಲ. ಗ್ರಾಫಿನಲ್ಲಿ ಎರಡೂ ಒಟ್ಟಿಗೆ ಏರಿದವು ಅಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಂತ ಒಂದೇ ಸಾಲಿನಲ್ಲಿ ಬರೆದು ಕೈತೊಳೆದುಕೊಳ್ಳಬೇಡಿ.

ಈ ಸುಳಿಯಿಂದ ಹೊರಬರುವುದೂ ಉಂಟು. ಕೀನ್ಯಾದಲ್ಲಿ 2010ರ ಸುಮಾರಿಗೆ ಐದರಲ್ಲಿ ಒಬ್ಬರಿಗಷ್ಟೇ ಕರೆಂಟಿತ್ತು. ಈಗ ನಾಲ್ಕರಲ್ಲಿ ಮೂವರಿಗೆ ಇದೆ. ರಿಫ್ಟ್ ಕಣಿವೆಯಲ್ಲಿ ಭೂಮಿಯ ಹೊರಪದರ ಸೀಳಿ ದೂರ ಸರಿಯುತ್ತಿದೆ, ಅಲ್ಲಿ ಬಿಸಿ ಮೇಲಕ್ಕೇ ಸಿಗುತ್ತದೆ. ಒಲ್ಕಾರಿಯಾದ ಭೂಶಾಖ ಸ್ಥಾವರಗಳು ನಿಂತಿರುವುದು ಅದರ ಮೇಲೆ. ಜೊತೆಗೆ, ಅಲ್ಲಿ ಮಾಸಾಯಿ ಪಶುಪಾಲಕರು ಜಾಗ ಬಿಡಬೇಕಾಯಿತು ಎಂಬುದನ್ನೂ ಬರೆಯಿರಿ. ‘ವಿಮರ್ಶಿಸಿ’ ಅಂದರೆ ಅದೇ.

ಇಲ್ಲಿ ಒಂದು ಗೊಣಗಾಟ. ‘ಆಫ್ರಿಕಾದಲ್ಲಿ ಕರೆಂಟಿಲ್ಲ’ ಅಂತ ಬರೆಯಬೇಡಿ. ಈಜಿಪ್ಟ್, ಟುನೀಶಿಯಾಗಳಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗೂ ಇದೆ. ಚಾಡ್‌ನಲ್ಲಿ ಬಹುಪಾಲು ಮನೆಗಳಿಗಿಲ್ಲ. ಅದು ಖಂಡ, ದೇಶವಲ್ಲ.

ಮಾರ್ಕ್ಸ್ ಸೋರಿಹೋಗುವ ಇನ್ನೊಂದು ತೂತು ಅಳತೆಯದು. ಮೆಗಾವ್ಯಾಟ್ ಅಂದರೆ ಸಾಮರ್ಥ್ಯ, ಯೂನಿಟ್ ಅಂದರೆ ನಿಜಕ್ಕೂ ಹುಟ್ಟಿದ ವಿದ್ಯುತ್ತು. ಚೀನಾದ ತ್ರೀ ಗಾರ್ಜಸ್ ಅಣೆಕಟ್ಟಿನ ಸಾಮರ್ಥ್ಯ 22,500 ಮೆಗಾವ್ಯಾಟ್. ಬ್ರೆಜಿಲ್ ಮತ್ತು ಪರಾಗ್ವೆ ಗಡಿಯಲ್ಲಿರುವ ಇತೈಪುವಿನದು 14,000. ಆದರೂ 2016ರಲ್ಲಿ ಇತೈಪು ಸುಮಾರು 10,300 ಕೋಟಿ ಯೂನಿಟ್ ಕೊಟ್ಟಿತು, ತ್ರೀ ಗಾರ್ಜಸ್ ಕೊಟ್ಟದ್ದು ಸುಮಾರು 9,300 ಕೋಟಿ. ಇತೈಪು ಇರುವ ಪರಾನಾ ನದಿ ವರ್ಷವಿಡೀ ಹೆಚ್ಚು ಸಮನಾಗಿ ಹರಿಯುತ್ತದೆ. ತ್ರೀ ಗಾರ್ಜಸ್ ಇರುವ ಯಾಂಗ್ಟ್ಸೆ ನದಿಯಲ್ಲಿ ಮಳೆಗಾಲದ ನೀರಿಗೂ ಚಳಿಗಾಲದ ನೀರಿಗೂ ಬಹಳ ವ್ಯತ್ಯಾಸ. ದೊಡ್ಡ ಕೊಡ ಇದ್ದರೆ ಸಾಲದು, ನಲ್ಲಿಯಲ್ಲಿ ನೀರೂ ಬರಬೇಕು. ಸೌರ ಮತ್ತು ಗಾಳಿ ವಿದ್ಯುತ್ತಿಗೂ ಇದೇ ಮಾತು.

ಪರಾಗ್ವೆ ಬಂತಲ್ಲ, ಅದೂ ದೂರ ನಿಂತ ಚುಕ್ಕಿಯೇ. ಅದರ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ನೀರಿನದೇ, ಉಳಿದದ್ದನ್ನು ಬ್ರೆಜಿಲ್‌ಗೆ ಮಾರುತ್ತದೆ. ಆದರೆ ಅಲ್ಲಿ ಎಷ್ಟೋ ಮನೆಗಳ ಒಲೆಯಲ್ಲಿ ಇನ್ನೂ ಸೌದೆ, ಇದ್ದಿಲು ಉರಿಯುತ್ತಿದೆ. ‘ಶಕ್ತಿ’ ಮತ್ತು ‘ವಿದ್ಯುತ್’ ಒಂದೇ ಅಲ್ಲ ಅಂತ ಇಲ್ಲಿ ತಿಳಿಯುತ್ತದೆ. ಜಗತ್ತು ಕೊನೆಗೆ ಬಳಸುವ ಶಕ್ತಿಯಲ್ಲಿ ವಿದ್ಯುತ್ತಿನ ಪಾಲು ಸುಮಾರು ಐದರಲ್ಲಿ ಒಂದು. ಉಳಿದದ್ದು ಲಾರಿ, ವಿಮಾನ, ಕುಲುಮೆ, ಒಲೆ. ಫ್ರಾನ್ಸ್ ತನ್ನ ‘ಶಕ್ತಿಯ’ ಮೂರರಲ್ಲಿ ಎರಡು ಪಾಲನ್ನು ಅಣುವಿನಿಂದ ಪಡೆಯುತ್ತದೆ ಅಂತ ಬರೆದರೆ ತಪ್ಪು, ‘ವಿದ್ಯುತ್ತಿನ’ ಅಂತ ಬರೆದರೆ ಸರಿ. ಹಾಗೆಯೇ ಅಣುಶಕ್ತಿ ನವೀಕರಿಸಬಹುದಾದದ್ದಲ್ಲ, ಆದರೆ ಇಂಗಾಲ ಕಡಿಮೆ. ಸೌದೆ ನವೀಕರಿಸಬಹುದು, ಆದರೆ ಹೊಗೆ.

ಶ್ರೀಮಂತ ದೇಶಗಳ ಚುಕ್ಕಿ ಈಗ ಎಡಕ್ಕೆ ಸರಿಯುತ್ತಿದೆ (ಅಂದರೆ ತಲಾ ಬಳಕೆ ಇಳಿಯುತ್ತಿದೆ), ಜೊತೆಗೆ ಹೊಗೆಯೂ ಕಡಿಮೆಯಾಗುತ್ತಿದೆ ಎಂಬ ವಾದಕ್ಕೆ ಬ್ರಿಟನ್ ಒಳ್ಳೆಯ ಉದಾಹರಣೆ. ಲಂಡನ್ನಿನಲ್ಲಿ 1882ರಲ್ಲಿ ಕಲ್ಲಿದ್ದಲಿನ ವಿದ್ಯುತ್ ಕೇಂದ್ರ ಶುರುವಾಯಿತು. ದೇಶದ ಕೊನೆಯ ಕಲ್ಲಿದ್ದಲು ಕೇಂದ್ರ ಮುಚ್ಚಿದ್ದು 2024ರ ಸೆಪ್ಟೆಂಬರ್ 30ಕ್ಕೆ. 1990ಕ್ಕೆ ಹೋಲಿಸಿದರೆ ಅಲ್ಲಿನ ಹಸಿರುಮನೆ ಅನಿಲ ಸುಮಾರು ಅರ್ಧಕ್ಕಿಳಿದಿದೆ. ಹೊಗಳುವ ಮುನ್ನ ಒಂದು ಸಾಲು ಸೇರಿಸಿ: ತಾನು ಬಳಸುವ ಎಷ್ಟೋ ಸಾಮಾನನ್ನು ಅದು ಬೇರೆ ದೇಶಗಳಲ್ಲಿ ಮಾಡಿಸಿ ತರಿಸುತ್ತದೆ, ಆ ಹೊಗೆ ಅಲ್ಲಿಯ ಲೆಕ್ಕಕ್ಕೆ ಹೋಗುತ್ತದೆ.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ನನ್ನ ಮಕ್ಕಳಿಗೆ ನೋಟ್ಸ್ ತಿರುವಲು ಹೇಳುವುದಿಲ್ಲ. ಖಾಲಿ ಹಾಳೆಯಲ್ಲಿ ಆ ಗ್ರಾಫನ್ನು ನೆನಪಿನಿಂದ ಬರೆಯಿರಿ ಅನ್ನುತ್ತೇನೆ. ಅಡ್ಡಗೆರೆಯ ಅಂಕಿಗಳು 100, 1,000, 10,000 ಅಂತ ಹತ್ತುಪಟ್ಟು ಜಿಗಿಯುತ್ತಿದ್ದರೆ ಮಹಡಿ ಮಾಯವಾಗಿ ಗೆರೆ ಹೆಚ್ಚುಕಡಿಮೆ ನೇರ ಕಾಣುತ್ತದೆ, ಮೋಸ ಹೋಗಬೇಡಿ. ಆಮೇಲೆ ಈ ಏಳೆಂಟು ದೇಶಗಳ ಚುಕ್ಕಿ ಇಟ್ಟು, ಒಂದೊಂದರ ಪಕ್ಕ ಅದು ಅಲ್ಲಿ ಯಾಕಿದೆ ಅಂತ ಎರಡು ಸಾಲು ಬರೆಯಿರಿ. ಕಳೆದ ಸಲ ಒಬ್ಬಳು ಐಸ್‌ಲ್ಯಾಂಡ್ ಪಕ್ಕ ‘ಚಳಿ’ ಅಂತ ಬರೆದು, ತಾನೇ ಹೊಡೆದುಹಾಕಿ, ‘ಅಲ್ಯೂಮಿನಿಯಂ’ ಅಂತ ತಿದ್ದಿದಳು.